ಬಾಗಿಲಿಗೆ ಮುಖ ಮಾಡಿ ಕೂತವರು

ನನ್ನ ಸೋದರಮಾವನ ಕುತ್ತಿಗೆ ಯಾವಾಗಲೂ ಸ್ವಲ್ಪ ಎಡಕ್ಕೆ ತಿರುಗಿರುತ್ತಿತ್ತು. ಅದು ನೋವೂ ಅಲ್ಲ, ವಾತವೂ ಅಲ್ಲ. ಮದರಾಸಿನ ರಾಯಪುರಂನ ನಮ್ಮ ಹೋಟೆಲಿನಲ್ಲಿ ಕ್ಯಾಶಿನ ಮೇಜು ಗೋಡೆಗೆ ಒತ್ತಿಕೊಂಡಿದೆ, ಬೀದಿಯ ಬಾಗಿಲು ಅದರ ಎಡಕ್ಕಿದೆ. ಪ್ರಾಯವಿಡೀ ಎತ್ತರದ ಸ್ಟೂಲಿನ ಮೇಲೆ ಕೂತು ಬಾಗಿಲನ್ನೇ ನೋಡಿದ ಮನುಷ್ಯನ ಕುತ್ತಿಗೆ ಇನ್ನು ಹೇಗಿರಬೇಕು? ಕೈ ತನ್ನಷ್ಟಕ್ಕೆ ಚಿಲ್ಲರೆ ಕೊಡುತ್ತಿತ್ತು, ಕಣ್ಣು ಮಾತ್ರ ಬಾಗಿಲಲ್ಲಿ. ಕ್ಷೌರದವನು ತಲೆ ಹಿಡಿದು ನೇರ ಮಾಡಿದರೆ ಒಂದು ಗಳಿಗೆಯಲ್ಲಿ ಅದು ಮತ್ತೆ ಎಡಕ್ಕೆ ಹೋಗುತ್ತಿತ್ತು. ನಮ್ಮ ಮನೆಯ ಯಾವ ಫೋಟೋದಲ್ಲೂ ಮಾವ ಕ್ಯಾಮೆರಾ ನೋಡಿದ್ದಿಲ್ಲ. ನನ್ನ ಅಕ್ಕನ ಮದುವೆಯ ಫೋಟೋದಲ್ಲಿ, ಎಲ್ಲರೂ ಹಲ್ಲು ಬಿಟ್ಟು ನಿಂತಿರುವಾಗ, ಅವರೊಬ್ಬರು ಛತ್ರದ ಬಾಗಿಲಿಗೆ ಯಾರು ಬಂದರೆಂದು ನೋಡುತ್ತಿದ್ದಾರೆ.

ಅವರು ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದರು, ಅದು ತಮಾಷೆಯಾಗಿರಲಿಲ್ಲ. ಹೋಟೆಲೇ ಅವರ ಸಂಸಾರ. ಬಂದರಿಗೆ ಕೆಲಸಕ್ಕೆ ಹೋಗುವವರು ಬೆಳಕು ಹರಿಯುವ ಮೊದಲೇ ಇಡ್ಲಿಗೆ ಬರುತ್ತಾರೆ, ಅವರಿಗಿಂತ ಮೊದಲು ಮಾವ ಎದ್ದಿರಬೇಕು. ಅವರ ಸಿದ್ಧಾಂತವೂ ಒಂದೇ. “ಬಾಗಿಲು ನೋಡು. ಬಾಕಿದ್ದೆಲ್ಲ ತನ್ನಿಂತಾನೇ ಆಗ್ತದೆ,” ಎನ್ನುತ್ತಿದ್ದರು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ಅನುಮಾನಿಸುವವನ ಕಣ್ಣಿಗೆ ಕಣ್ಣು ಕೊಟ್ಟು ಒಮ್ಮೆ ತಲೆ ಆಡಿಸಿದರೆ ಅವನು ಬಂದು ಕೂರುತ್ತಾನೆ, ನೀನು ಆಗ ಬೇರೆಲ್ಲೋ ನೋಡುತ್ತಿದ್ದರೆ ಎದುರಿನ ಹೋಟೆಲಿಗೆ ಹೋಗುತ್ತಾನೆ ಎಂಬುದು ಅವರ ವಿವರಣೆ.

ನಾನು ಅವರ ತಂಗಿಯ ಮಗಳು, ಹುಟ್ಟಿದ್ದು ಬೆಳೆದದ್ದು ಮದರಾಸಿನಲ್ಲೇ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟುಕೊಂಡೇ ದೊಡ್ಡವಳಾದೆ. ಬಿ.ಕಾಂ. ಮುಗಿಸಿ ಒಂದೆರಡು ಆಫೀಸು ಸುತ್ತಿ, ಕೊನೆಗೆ ಹೋಟೆಲಿನ ಉಗ್ರಾಣದ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತೆರಿಗೆ, ಸಂಬಳ ನೋಡಿಕೊಳ್ಳುತ್ತಿದ್ದೆ. ನನಗೆ ಬೇಕಿದ್ದದ್ದು ಆ ಕೋಣೆಯಲ್ಲ, ಆ ಸ್ಟೂಲು. ನಮ್ಮವರ ಹೋಟೆಲುಗಳಲ್ಲಿ ಕ್ಯಾಶಿನಲ್ಲಿ ಹೆಂಗಸರು ಕೂತದ್ದನ್ನು ನಾನು ಆಗ ನೋಡಿರಲಿಲ್ಲ. ಮಾವ ಬೇಡ ಎಂದೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಕೇಳಿ ಬೇಡ ಅನ್ನಿಸಿಕೊಳ್ಳುವುದಕ್ಕಿಂತ ಕೇಳದಿರುವುದೇ ವಾಸಿ ಎಂದು ನಾನೂ ಒಳಗೇ ಕೂತಿದ್ದೆ.

ಮಾವನಿಗೆ ಇದ್ದದ್ದು ಒಬ್ಬರೇ ಗೆಳೆಯರು, ಪಕ್ಕದ ಸೀರೆ ಅಂಗಡಿಯ ಸಾಹುಕಾರರು. ಹುಬ್ಬಳ್ಳಿ ಕಡೆಯವರು, ಹಣೆ ತುಂಬ ವಿಭೂತಿ, ಹೊಟ್ಟೆ ತುಂಬ ನಗು. ಹೆಂಡತಿ ತೀರಿಕೊಂಡ ಮೇಲೆ ಅವರ ಮಧ್ಯಾಹ್ನದ ಊಟವೂ ನಮ್ಮಲ್ಲೇ. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರು ಗಂಟೆಯ ಹೊತ್ತಿಗೆ, ಹೋಟೆಲು ಒಂದಿಷ್ಟು ಉಸಿರಾಡುತ್ತದೆ. ಆಗ ಇಬ್ಬರೂ ಕ್ಯಾಶಿನ ಎದುರಿನ ಅಮೃತಶಿಲೆಯ ಮೇಜಿನಲ್ಲಿ ಅರ್ಧರ್ಧ ಕಾಫಿ ಇಟ್ಟುಕೊಂಡು ಪ್ರವಾಸದ ಯೋಜನೆ ಹಾಕುತ್ತಿದ್ದರು.

ಯಾವ ಊರಿಗೆ ಪ್ರವಾಸ ಅಂತೀರಿ? ಇದೇ ಊರಿಗೆ. ಇಬ್ಬರೂ ಇಷ್ಟು ವರ್ಷ ಇಲ್ಲೇ ಇದ್ದು ಮದರಾಸು ನೋಡಿರಲಿಲ್ಲ. ಊರಿನಿಂದ ಬಂದ ನೆಂಟರೆಲ್ಲ ಬೀಚು, ಮಹಾಬಲಿಪುರ, ಮೊಸಳೆ ಪಾರ್ಕು ನೋಡಿ ಬಂದು ವರ್ಣಿಸುವಾಗ ಇವರಿಬ್ಬರೂ ಪರದೇಶದ ಕತೆ ಕೇಳಿದವರ ಹಾಗೆ ಕೇಳುತ್ತಿದ್ದರು. ಒಂದು ವಾರ ರಜೆ ಹಾಕಿ, ನೆಂಟರ ಹಾಗೆಯೇ ಇಡೀ ಊರು ನೋಡಬೇಕೆಂಬುದು ಅವರ ಆಸೆ.

ಯೋಜನೆಗೆ ಕಾಗದವಿಲ್ಲ, ಪೆನ್ನಿಲ್ಲ. ಸಾಹುಕಾರರು ಲೋಟದ ನೀರಿನಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಉದ್ದಕ್ಕೆ ಗೆರೆ ಎಳೆದರೆ ಅದು ಸಮುದ್ರತೀರ. ಮೇಲಿನ ತುದಿಯಲ್ಲಿ ಉಪ್ಪಿನ ಡಬ್ಬಿ ಇಟ್ಟರೆ ತಿರುವೊಟ್ಟಿಯೂರಿನ ದೇವಸ್ಥಾನ. ಕವುಚಿ ಹಾಕಿದ ಲೋಟ ಲೈಟ್‌ಹೌಸು. ಚಟ್ನಿ ಬಟ್ಟಲು ಮೈಲಾಪುರದ ಕಲ್ಯಾಣಿ. ಮಹಾಬಲಿಪುರ ಮೇಜಿನಲ್ಲಿ ಹಿಡಿಸದೆ ಪಕ್ಕದ ಕುರ್ಚಿಯ ಮೇಲೆ ಹೋಗಿ ಕೂತಿತ್ತು. ಸಾಹುಕಾರರಿಗೆ ಮೊದಲನೆಯ ದಿನವೇ ಮೊಸಳೆ ನೋಡಬೇಕು. ಮಾವ ಎಲ್ಲಿಂದ ಹೊರಟರೂ ದಾರಿಯಲ್ಲಿ ಕೊಯಂಬೇಡಿನ ಮಾರ್ಕೆಟ್ ಸೇರಿಸುತ್ತಿದ್ದರು. “ಇದು ಟೂರ್ ಅಲ್ರಿ ಭಟ್ರ, ಕಾಯಿಪಲ್ಲೆ ಸಂತಿ,” ಎಂದು ಸಾಹುಕಾರರು ಛೇಡಿಸುತ್ತಿದ್ದರು. ಜಗಳ ಬಗೆಹರಿಯುವ ಹೊತ್ತಿಗೆ ತಿಂಡಿಯ ಸಮಯವಾಗಿ, ಒರೆಸುವ ಬಟ್ಟೆ ಬಂದು ಮದರಾಸನ್ನು ಸಾರಾಸಗಟಾಗಿ ಒರೆಸಿಕೊಂಡು ಹೋಗುತ್ತಿತ್ತು. ಮಾರನೆಯ ದಿನ ಮತ್ತೆ ಗೆರೆಯಿಂದ ಶುರು. ನನಗೆ ಬುದ್ಧಿ ಬಂದಾಗಿನಿಂದ ಇದನ್ನು ನೋಡಿದ್ದೇನೆ. ನಿಜ ಹೇಳಬೇಕೆಂದರೆ, ಅವರಿಗೆ ಹೋಗುವುದಕ್ಕಿಂತ ಹೊರಡುವುದೇ ಇಷ್ಟವೆಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಸಾಹುಕಾರರು ಗೆರೆ ಎಳೆಯಲಿಲ್ಲ. ಅವರ ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತಾರಂತೆ. ಇನ್ನೊಂದು ಕಡೆ ಅಂಗಡಿ ಇಡುವ ಉಮೇದು ಇಲ್ಲ, ಪೊಂಗಲ್ ಮುಗಿದ ಮೇಲೆ ಹುಬ್ಬಳ್ಳಿಗೆ ಹೋಗಿ ಅಣ್ಣನ ಜೊತೆ ಇರುತ್ತೇನೆ ಎಂದರು. ಮಾವ ಬಾಗಿಲು ನೋಡುತ್ತಲೇ ಕೇಳಿಸಿಕೊಂಡರು.

“ಹೋಗೂದಾದ್ರ ಈಗ ಹೋಗಬೇಕ್ರಿ ಭಟ್ರ,” ಎಂದರು ಸಾಹುಕಾರರು. “ಇಲ್ಲಂದ್ರ ಇಲ್ಲ.”

“ಕ್ಯಾಶಿನಲ್ಲಿ ಯಾರು ಕೂರುದು?”

ಅದೇ ಪ್ರಶ್ನೆ ಇಷ್ಟು ವರ್ಷ ಪ್ರವಾಸವನ್ನು ಮೇಜಿನ ಮೇಲೆಯೇ ಕೂರಿಸಿತ್ತು. ಅಡುಗೆಯವರನ್ನು ಎಬ್ಬಿಸಿದರೆ ಒಲೆ ನಿಲ್ಲುತ್ತದೆ, ಸಪ್ಲೈಯರ್‌ಗಳಿಗೆ ಆ ಜಾಗದ ಹೆದರಿಕೆ. ಸಾಹುಕಾರರು ಹೆಬ್ಬೆರಳಿನಲ್ಲಿ ನನ್ನ ಕೋಣೆಯ ಕಡೆ ತೋರಿಸಿ, “ಒಳಗ ಕುಂತಾಳಲ್ಲ ಆಕಿ,” ಎಂದರು. ನಾನು ಕಂಪ್ಯೂಟರಿನ ಮೇಲೆ ಕಣ್ಣು ನೆಟ್ಟು ಏನೂ ಕೇಳಿಸದವಳ ಹಾಗೆ ಇದ್ದೆ. ಮಾವನ ಕಾಫಿ ಕೆನೆಗಟ್ಟಿತು. ಕೊನೆಗೆ, “ಹೂಂ, ಗೆರೆ ಎಳೀರಿ,” ಎಂದರು.

ಆವತ್ತು ಮೇಜು ಒರೆಸುವ ಮೊದಲೇ ನಾನು ಓಡಿಬಂದು ಮೊಬೈಲಿನಲ್ಲಿ ಮದರಾಸಿನ ಫೋಟೋ ತೆಗೆದೆ. ಉಪ್ಪಿನ ಡಬ್ಬಿ, ಲೋಟ, ಚಟ್ನಿ ಬಟ್ಟಲು, ಕುರ್ಚಿಯ ಮೇಲಿನ ಮಹಾಬಲಿಪುರ ಎಲ್ಲವೂ ಅದರಲ್ಲಿ ಬಂತು. ಇನ್ನು ಒರೆಸಿದರೂ ಹೋಗುವಂತಿಲ್ಲ. ಮಾವ ಮಾರನೆಯ ದಿನದಿಂದ ನನ್ನನ್ನು ಸ್ಟೂಲಿನ ಪಕ್ಕ ನಿಲ್ಲಿಸಿಕೊಂಡರು. ಪಾಠವೇನೂ ಇರಲಿಲ್ಲ. ನಾನು ಚಿಲ್ಲರೆಯ ಕಡೆ ಬಗ್ಗಿದಾಗೆಲ್ಲ “ಬಾಗಿಲು, ಬಾಗಿಲು” ಎನ್ನುತ್ತಿದ್ದರು. ನೀವು ಚಿಂತೆ ಮಾಡಬೇಡಿ, “ನಾನ್ ಪಾತ್ತುಕ್ಕರೇನ್” ಎಂದು ತಮಿಳಿನಲ್ಲಿ ಹೇಳಿದೆ. ನೋಡಿಕೊಳ್ಳುವುದನ್ನು ಕನ್ನಡದಲ್ಲೇ ನೋಡಿಕೋ ಎಂದು ಗದರಿಸಿದರು.

ಪ್ರವಾಸ ಶುರುವಾದ ದಿನ ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೀರಿನ ಬಾಟಲಿ ಹಿಡಿದು, ನಾನು ಬಾಗಿಲು ತೆರೆಯುವ ಹೊತ್ತಿಗೇ ಹೊರಟರು. ಅಲ್ಲೇ ಎಡವಟ್ಟಾದದ್ದು. ಮಾವನಿಗೆ ಲೋಕವೆಲ್ಲ ಹೋಟೆಲಿನ ಹೊತ್ತಿಗೆ ಏಳುತ್ತದೆಂಬ ನಂಬಿಕೆ. ತಿರುವೊಟ್ಟಿಯೂರಿಗೆ ಹೋದಾಗ ದೇವರು ಇನ್ನೂ ಎದ್ದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾದರಂತೆ. ಅಲ್ಲಿಂದ ಎಗ್ಮೋರಿನ ಮ್ಯೂಸಿಯಮ್ಮಿಗೆ ಹೋದರೆ ಗೇಟಿಗೆ ಬೀಗ. ಅಲ್ಲೂ ಕಾದರು. ಅಂತೂ ಒಳಗೆ ಬಿಟ್ಟ ಮೇಲೆ, ಕಂಚಿನ ವಿಗ್ರಹಗಳ ಮುಂದೆ ನಿಂತು ಸಾಹುಕಾರರು ಕೈಮುಗಿಯುತ್ತಿರುವಾಗ ಮಾವ, ಊಟದ ಎಲೆ ಹಾಕುವ ಹೊತ್ತಾಯಿತೆಂದು ಹೊರಗೆ ಓಡಿದರಂತೆ.

ನಾನು ಕ್ಯಾಶಿನಲ್ಲಿದ್ದೆ. ಊಟದ ಜನ ನುಗ್ಗುತ್ತಿದ್ದರು. ಬಾಗಿಲಲ್ಲಿ ನೋಡುತ್ತೇನೆ, ಮಾವ. ಸ್ಟೂಲಿನ ಹತ್ತಿರ ಬರಲಿಲ್ಲ. ಗಿರಾಕಿಯ ಹಾಗೆ ಒಳಗೆ ಬಂದು, ಕ್ಯಾಶು ಚೆನ್ನಾಗಿ ಕಾಣುವ ಮೇಜು ಹುಡುಕಿ ಕೂತು, ಒಂದು ಕಾಫಿ ಹೇಳಿದರು. ಊಟದ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಕೂರುವವರನ್ನು ಕಂಡರೆ ಅವರಿಗೇ ಆಗುತ್ತಿರಲಿಲ್ಲ. ಹಿಂದೆಯೇ ಸಾಹುಕಾರರು ಏದುಸಿರು ಬಿಡುತ್ತ ಬಂದು ಬಾಗಿಲಿಗೆ ಅಡ್ಡ ನಿಂತರು.

“ಭಟ್ರ, ಹಿಂಗ ಮಾಡಿದ್ರ ನಾ ಇವತ್ತ ಹುಬ್ಬಳ್ಳಿ ಗಾಡಿ ಹತ್ತತೀನಿ ನೋಡ್ರಿ.”

“ಸುಮ್ಮಾ ಕಾಫಿಗೆ ಬಂದೆ ಮಾರಾಯ್ರೇ.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಒಳಗೆ ಬಂದ ಬಂದರಿನವರೆಲ್ಲ ನನ್ನನ್ನು ದಾಟಿ ಅವರಿಗೆ ನಮಸ್ಕಾರ ಹೇಳುತ್ತಿದ್ದರು. ಹೋಟೆಲು ತುಂಬಿದೆ ಎಂಬುದನ್ನೂ ಮರೆತು ಹೇಳಿಬಿಟ್ಟೆ. “ಮಾಮಾ, ನೀವು ಅಲ್ಲಿ ಕೂತಿದ್ರೆ ಎಲ್ರೂ ನಿಮ್ಮನ್ನೇ ನೋಡ್ತಾರೆ. ನಾನು ಇಲ್ಲಿ ಕೂತು ಎಂತ ಪ್ರಯೋಜನ? ಒಂದೋ ನೀವು ಬಂದು ಕೂತ್ಕೊಳ್ಳಿ, ಇಲ್ಲಾ ಹೋಗಿ.”

ಕನ್ನಡದಲ್ಲೇ ಹೇಳಿದ್ದೆ. ಮಾವ ಕಾಫಿ ಮುಗಿಸಿ ಎದ್ದು ಬಂದು ಬಿಲ್ಲಿನ ಹಣ ನನ್ನ ಮುಂದೆ ಇಟ್ಟರು. ತಮ್ಮದೇ ಹೋಟೆಲಿನಲ್ಲಿ ಅವರು ಬಿಲ್ಲು ಕೊಟ್ಟದ್ದು ಅದೇ ಮೊದಲು. ಅಷ್ಟರಲ್ಲಿ ಹೊಸ್ತಿಲಲ್ಲಿ ಒಬ್ಬ ಮುದುಕಿ ಚೀಲ ಹಿಡಿದು ಅನುಮಾನಿಸುತ್ತ ನಿಂತಿದ್ದಳು. ಅವಳಿಗೆ ಕಣ್ಣು ಕೊಟ್ಟು ತಲೆ ಆಡಿಸುತ್ತ ಮಾವನ ಕೈಗೆ ಚಿಲ್ಲರೆ ಹಾಕಿದೆ. ಅವರ ಮುಖವನ್ನು ನಾನು ನೋಡಲೇ ಇಲ್ಲ, ನೋಡಲು ಪುರುಸೊತ್ತಿರಲಿಲ್ಲ. ಮುದುಕಿ ಒಳಗೆ ಬಂದು ಕೂತಳು. ಮಾವ ಗೆಳೆಯನ ತೋಳು ಹಿಡಿದು ಹೊರಟುಹೋದರು.

ಆಮೇಲೆ ಹಗಲಿನಲ್ಲಿ ಅವರು ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಸಂಜೆ ಬಂದು ಸಾಹುಕಾರರು ವರದಿ ಒಪ್ಪಿಸುತ್ತಿದ್ದರು, ಇಡೀ ಹೋಟೆಲು ನಗುತ್ತಿತ್ತು. ಮಹಾಬಲಿಪುರದಲ್ಲಿ ಬೆಣ್ಣೆ ಉಂಡೆ ಎಂದು ಕರೆಯುವ ಆ ದೊಡ್ಡ ಬಂಡೆಯ ಮುಂದೆ ನಿಂತು ಮಾವ, ಇಷ್ಟು ಬೆಣ್ಣೆ ಇದ್ದರೆ ದೋಸೆಗೆ ಒಂದು ವರ್ಷ ಚಿಂತೆಯಿಲ್ಲ ಎಂದರಂತೆ. ಲೈಟ್‌ಹೌಸಿನ ಮೇಲೆ ಹೋಗಿ, ನಮ್ಮ ಹೋಟೆಲು ಕಾಣುತ್ತದೆಯೇ ಎಂದು ಅಲ್ಲಿದ್ದವರನ್ನೆಲ್ಲ ಕೇಳಿದರಂತೆ. ಮೊಸಳೆಗಳು ಮಾತ್ರ ಅವರಿಗೆ ಬಹಳ ಹಿಡಿಸಿದ್ದವು. ಅಲುಗಾಡದೆ ಬಾಯಿ ತೆರೆದು ಒಂದೇ ಕಡೆ ನೋಡುತ್ತ ಮಲಗಿದ್ದ ಮೊಸಳೆಯನ್ನು ತೋರಿಸಿ, “ಇವ ಕ್ಯಾಶಿಗೆ ಆಗ್ತಾನೆ,” ಎಂದರಂತೆ.

ಕೊನೆಯ ಸಂಜೆ ನಾನು ಹೋಟೆಲಿಗೆ ರಜೆ ಹಾಕಿದೆ, ಕೇಳದೆ. ಬಾಗಿಲಿಗೆ ಬೋರ್ಡು ನೇತುಹಾಕಿ ಇಬ್ಬರ ಜೊತೆ ಮರೀನಾಕ್ಕೆ ಹೊರಟೆ. ಮಾವ ಬೋರ್ಡನ್ನು ಎರಡು ಸಲ ಓದಿದರು. ಬೀಚಿನಲ್ಲಿ ಗಾಳಿಪಟ, ಕುದುರೆ, ಕಡಲೆ ಸುಂಡಲ್ ಮಾರುವವರು, ನೀರಿಗೆ ಓಡುವ ಮಕ್ಕಳು. ನಾವು ಜಾಗ ನೋಡಿ ಮರಳಿನ ಮೇಲೆ ಕೂತೆವು. ತಿರುಗಿ ನೋಡಿದರೆ ಮಾವ ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆಗೆ ಮುಖ ಮಾಡಿ ಕೂತಿದ್ದಾರೆ.

“ಭಟ್ರ, ಸಮುದ್ರ ನಿಮ್ಮ ಹಿಂದ ಐತ್ರಿ.”

“ಗೊತ್ತುಂಟು. ಆದ್ರೆ ಬರುವವರು ಈಚೆಯಿಂದ ಅಲ್ವಾ?”

ನಾನೂ ಸಾಹುಕಾರರೂ ಮರಳಿನ ಮೇಲೆ ಬಿದ್ದು ನಕ್ಕೆವು. ಸಾಹುಕಾರರು ಎರಡೂ ಭುಜ ಹಿಡಿದು ಅವರನ್ನು ನೀರಿನ ಕಡೆ ತಿರುಗಿಸಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕುತ್ತಿಗೆ ಮೆಲ್ಲಗೆ ಹಿಂದಕ್ಕೆ ತಿರುಗಿತು. ಸಾಹುಕಾರರು ಮತ್ತೆ ತಿರುಗಿಸಿದರು. ಕತ್ತಲಾಗುವವರೆಗೂ ಅದೇ ಆಟ. ಹುಬ್ಬಳ್ಳಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಎದ್ದು ಹೊರಡುವಾಗ ಮಾತ್ರ ಸಾಹುಕಾರರು ಮಾವನ ಬೆನ್ನಿಗೆ ಅಂಟಿದ್ದ ಮರಳನ್ನು ತುಂಬ ಹೊತ್ತು ಕೊಡವಿದರು.

ಎರಡು ದಿನದ ಮೇಲೆ ಸಾಹುಕಾರರನ್ನು ರೈಲು ಹತ್ತಿಸಿ ಬಂದೆವು. ಆಮೇಲೆ ಇಬ್ಬರದೂ ಫೋನಿನಲ್ಲೇ ಮಾತು. ಮೂರು ಗಂಟೆಯ ಹೊತ್ತಿಗೆ ಮಾವ ಮೊಬೈಲನ್ನು ಲೋಟಕ್ಕೆ ಒರಗಿಸಿಟ್ಟು, ಸಾಹುಕಾರರು ಹೇಳಿದ ಹಾಗೆ ಒದ್ದೆ ಬೆರಳಿನಲ್ಲಿ ಹುಬ್ಬಳ್ಳಿಯ ನಕ್ಷೆ ಬರೆಯುತ್ತಿದ್ದರು. ಒಂದು ಸಲ ಹೋಗಿಯೂ ಬಂದರು, ಒಂದು ವಾರ.

ಈಗ ಮಾವ ಇಲ್ಲ. ಹೋದ ವರ್ಷ, ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಸಾಹುಕಾರರು ಅಷ್ಟು ದೂರದಿಂದ ಬಂದು ಅದೇ ಮೇಜಿನಲ್ಲಿ ಕೂತು ಅತ್ತರು, ಆಮೇಲೆ ಮೊಸಳೆಯ ಕತೆ ಹೇಳಿ ನಮ್ಮನ್ನೆಲ್ಲ ನಗಿಸಿದರು. ನನ್ನ ಕುತ್ತಿಗೆಯೂ ಎಡಕ್ಕೆ ತಿರುಗುತ್ತಿದೆ ಎಂದು ಅಮ್ಮ ಆಡಿಕೊಳ್ಳುತ್ತಾಳೆ.

ಪ್ರವಾಸ ಮುಗಿದು ಸಾಹುಕಾರರನ್ನು ರೈಲು ಹತ್ತಿಸಿ ಬಂದ ಮಾರನೆಯ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ. ರಜೆ ಮುಗಿದಿತ್ತು. ಮಾವ ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಎಂದಿನ ಹೊತ್ತಿಗೇ ಬಂದರು. ನಾನು ಸ್ಟೂಲಿನಿಂದ ಇಳಿದು, ಧೂಳು ಒರೆಸಿ, ಪಕ್ಕಕ್ಕೆ ನಿಂತೆ. ವಾರದ ಮಟ್ಟಿಗಾದರೂ ಸಿಕ್ಕಿತಲ್ಲ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಮಾವ ಸ್ಟೂಲನ್ನೂ ನನ್ನನ್ನೂ ದಾಟಿ ಒಳಗೆ ಹೋದರು. ಫ್ಯಾನಿನ ಕೆಳಗಿನ ಮೇಜಿನ ಹತ್ತಿರ ನಿಂತು, ಯಾವ ಕುರ್ಚಿ ಎಂದು ಒಂದು ಗಳಿಗೆ ಯೋಚಿಸಿದರು. ಆಮೇಲೆ ಬೀದಿಯ ಬಾಗಿಲಿಗೆ ಬೆನ್ನು ಹಾಕಿ ಕೂತು, ಒಂದು ಕಾಫಿ ಹೇಳಿದರು.