ಗುರುವಾರದ ಜಡೆ

ಗುರುವಾರ ಬಂದರೆ ಈಗಲೂ ನನ್ನ ಮನಸ್ಸು ಜಗಳೂರಿನಲ್ಲಿ ನಿಲ್ಲುವುದಿಲ್ಲ, ನ್ಯಾಮತಿಯ ಬಸ್ಸು ಹತ್ತಿಬಿಡುತ್ತದೆ. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಆಗ ಆ ಕಡೆಯ ಮನೆಗಳು ನನ್ನ ಪಾಲಿಗಿದ್ದವು. ಅವುಗಳಲ್ಲಿ ಒಂದು, ಮಗಳಿಗೆ ಹೊಡೆಯುತ್ತಿದ್ದ ತಾಯಿಯದು. ಹತ್ತು ವರ್ಷದ ಆ ಹುಡುಗಿ ಒಂದು ವರ್ಷ ಸರ್ಕಾರದ ಮಕ್ಕಳ ಮಂದಿರದಲ್ಲಿದ್ದು ಮನೆಗೆ ಮರಳಿದ್ದಳು. ವಾರಕ್ಕೊಮ್ಮೆ ನಾನು ಹೋಗಿ ನೋಡಬೇಕೆಂಬುದು ಷರತ್ತು.

ನನ್ನ ಕೆಲಸ ಕೇಳಿದರೆ ನೀವು ನಗುತ್ತೀರಿ. ತಾಯಿ ಮಗಳ ತಲೆ ಬಾಚುವುದನ್ನು ಅರ್ಧ ಗಂಟೆ ಕೂತು ನೋಡುವುದು. ತಪ್ಪು ಹುಡುಕದೆ, ಸರಿಯಾಗಿ ಮಾಡಿದ್ದನ್ನು ಮಾತ್ರ ಆಗಿಂದಾಗ ಹೇಳುವುದು. ಬೇರೆ ಕಡೆ ಮಾಡಿ ನೋಡಿ ಫಲ ಕಂಡ ವಿಧಾನ ಎಂದು ತರಬೇತಿಯಲ್ಲಿ ಹೇಳಿದ್ದರು. ನನಗೇನೂ ನಂಬಿಕೆ ಇರಲಿಲ್ಲ.

"ನೀವು ಹಿಂಗೆ ನೋಡ್ತಾ ಕುಂತ್ರೆ ನಂಗೆ ಬಾಚಾಕೆ ಕೈಯೇ ಬರಲ್ಲ ರೀ ಮೇಡಂ," ಎಂದು ಆಕೆ ಮೊದಲ ದಿನ ಮುಖ ತಿರುಗಿಸಿದ್ದಳು. ಸಿಕ್ಕು ಬಂದರೆ ಜಗ್ಗುತ್ತಿದ್ದಳು. ಹುಡುಗಿ ಹೆಗಲು ಕುಗ್ಗಿಸಿ ಕಣ್ಣು ಮುಚ್ಚುತ್ತಿದ್ದಳು. ಎಷ್ಟೋ ಗುರುವಾರಗಳಾದ ಮೇಲೆ ಒಂದು ದಿನ, ಸಿಕ್ಕಿನ ಬುಡವನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಬಿಡಿಸಿ, "ನೋವಾತೇನೇ?" ಎಂದು ಕೇಳಿದಳು. ಮಗಳು ಇಲ್ಲವೆಂದು ತಲೆಯಾಡಿಸಿ ತಾಯಿಯ ಮೊಣಕಾಲಿಗೆ ಒರಗಿದಳು. ಹೇಳಬೇಕಾದ ಮೆಚ್ಚುಗೆಯ ಮಾತೇ ನನಗೆ ಮರೆತುಹೋಯಿತು. ಅಂಥ ಸುಖ ಈ ನೌಕರಿಯಲ್ಲಿ ಮತ್ತೆ ಸಿಕ್ಕಿಲ್ಲ, ಅದಕ್ಕಾಗಿ ಇಂದಿಗೂ ಜೀವ ಹಂಬಲಿಸುತ್ತದೆ.

ಆ ತಿಂಗಳ ವರದಿಯಲ್ಲಿ 'ಸಮಸ್ಯೆಗಳು' ಎಂಬ ಕಲಂನಲ್ಲಿ ಜಂಬದಿಂದ 'ಏನೂ ಇಲ್ಲ' ಎಂದು ಬರೆದೆ. ದಡ್ಡತನ ನನ್ನದೇ. ಈ ಭೇಟಿಗಳನ್ನು ಶುರು ಮಾಡಿಸಿದ್ದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿದ್ದರು. ಒಮ್ಮೆ ನನ್ನ ಜೊತೆ ಬಂದು, ಆ ಮನೆಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ, ಬಾಚುವುದನ್ನು ಕಣ್ಣಾರೆ ನೋಡಿದ್ದವರು ಅವರು. ಹೊಸಬರು ನೋಡಿದ್ದು ಕಲಂ ಮಾತ್ರ.

"ಸಮಸ್ಯೆನೇ ಇಲ್ಲದ ಮನೆಗೆ ವಾರವಾರ ಯಾಕ್ರೀ ಹೋಗ್ತೀರಿ? ಜಗಳೂರಲ್ಲಿ ಕೆಲಸ ಮಾಡಾಕೆ ಜನ ಇಲ್ಲ, ಅಲ್ಲಿಗೆ ಹೋಗ್ರಿ," ಎಂದರು.

ನಾನು ಹೋಗುತ್ತಿರುವುದರಿಂದಲೇ ಸಮಸ್ಯೆ ಇಲ್ಲ ಎನ್ನಬೇಕಿತ್ತು. ಆ ಉತ್ತರ ಹೊಳೆದದ್ದು ಜಗಳೂರಿನ ಬಸ್ಸು ಹತ್ತಿದ ಮೇಲೆ. ನನ್ನ ಬುದ್ಧಿ ಯಾವಾಗಲೂ ಒಂದು ಸ್ಟಾಪು ಹಿಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಬೇರೊಂದು ಮಗುವಿನ ಕಾಗದ ಕೊಡಲು ಮಕ್ಕಳ ಮಂದಿರಕ್ಕೆ ಹೋಗಿದ್ದೆ. ಅಂಗಳದಲ್ಲಿ ನ್ಯಾಮತಿಯ ಆ ಹುಡುಗಿ ಇದ್ದಳು. ಹೇನಾಗುತ್ತದೆಂದು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ತಾಯಿ ಮತ್ತೆ ಕೈ ಎತ್ತತೊಡಗಿದ್ದಳೆಂದು ಅಲ್ಲಿನವರು ಹೇಳಿದರು.

ಹುಡುಗಿ ಓಡಿಬಂದು ನನ್ನ ಸೆರಗು ಹಿಡಿದಳು. "ನಾವು ಚೆನ್ನಾಗಿದ್ವಲ್ಲ ಅಕ್ಕ, ಅದಕ್ಕೇ ಬರಾದು ಬಿಟ್ರಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಹೌದು ಎಂದೆ.