ಕ್ಲಚ್ ಮೇಲಿನ ಕಾಲು

ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು. ಆದರೆ ಊರಿಗೆಲ್ಲ ಅವನು ಕೊಕ್ಕೆಯಣ್ಣ. ಕೆಟ್ಟು ನಿಂತ ವಾಹನಗಳಿಗೆ ಕೊಕ್ಕೆ ಹಾಕಿ ಎಳೆದು ತರುವ ಹಳೆಯ ಡೀಸೆಲ್ ಲಾರಿ ಅವನದು. "ನಮ್ಮನ್ನ ಯಾರೂ ಖುಷಿಯಲ್ಲಿ ಕರೆಯಲ್ಲ. ದೇವರನ್ನ ಕರೆದ ಹಾಗೆ, ಕಷ್ಟ ಬಂದಾಗ ಮಾತ್ರ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.

ಕೆಟ್ಟ ಗಾಡಿಯವರು ಅವನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಕೆಲವರು ರೇಗುತ್ತಿದ್ದರು, ಕೆಲವರು ಅಳುತ್ತಿದ್ದರು. ಅವನು ನೀರಿನ ಬಾಟಲಿ ಮುಂದೆ ಹಿಡಿದು ಸುಮ್ಮನೆ ಓಡಿಸುತ್ತಿದ್ದ. ಒಮ್ಮೆ ಒಬ್ಬ ತಂದೆ, ಅಪಘಾತದಲ್ಲಿ ತೀರಿಹೋದ ಮಗನ ಬೈಕನ್ನು ಹಿಂದೆ ಕಟ್ಟಿಸಿ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಂದು ಕೊಕ್ಕೆಯಣ್ಣ ಒಂದು ಹಳ್ಳಕ್ಕೂ ಗಾಡಿ ಇಳಿಸದೆ, ಹಾಲಿನ ಪಾತ್ರೆ ಹೊತ್ತವನ ಹಾಗೆ ಓಡಿಸಿದ್ದ. ಇಳಿಯುವಾಗ ಆ ತಂದೆ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಿ, ಊಟಕ್ಕೂ ಕೂರದೆ ಮಲಗಿದ್ದ.

ಲಾರಿ ಕೈಕೊಟ್ಟದ್ದು ಒಂದು ಮಧ್ಯಾಹ್ನ, ಮೇಲ್ಸೇತುವೆಯ ಏರಿನಲ್ಲಿ. ಹಿಂದೆ ಖಾಲಿ ಶಾಲಾವ್ಯಾನು, ಪಕ್ಕದಲ್ಲಿ ಅದರ ಡ್ರೈವರ್. ಕೊಕ್ಕೆಯಣ್ಣ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಅರಚಿತೇ ಹೊರತು ಲಾರಿ ಏರಲಿಲ್ಲ. ಇನ್ನಷ್ಟು ಒತ್ತಿದ. ಸದ್ದು ಹೆಚ್ಚಿತು, ಚಕ್ರ ನಿಧಾನವಾಯಿತು, ಕ್ಯಾಬಿನ್ನಿನ ತುಂಬ ಸುಟ್ಟ ವಾಸನೆ.

"ಕ್ಲಚ್ ಜಾರ್ತಿದೆ" ಎಂದ ಕೊಕ್ಕೆಯಣ್ಣ.

"ಚೆನ್ನಾಯ್ತು! ಎಳೆಯೋಕೆ ಬಂದವರನ್ನೇ ಎಳೆಯೋ ಹಾಗಾಯ್ತಲ್ಲಣ್ಣ" ಎಂದು ವ್ಯಾನಿನವನು ನಕ್ಕ.

ಬೇರೆ ದಿನವಾಗಿದ್ದರೆ ಕೊಕ್ಕೆಯಣ್ಣ ಅದಕ್ಕಿಂತ ದೊಡ್ಡ ಜೋಕು ಹೊಡೆಯುತ್ತಿದ್ದ. ಅಂದು ನೇರ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಭಾವಮೈದನಿಗೆ ಫೋನ್ ಮಾಡಿದ.

ಭಾವಮೈದ ಮೆಕ್ಯಾನಿಕ್. ಹೆಂಡತಿ ಮದುವೆಯಾಗಿ ಬರುವಾಗ ತಾಯಿಯಿಲ್ಲದ ಈ ತಮ್ಮನನ್ನೂ ಸೆರಗಿಗೆ ಕಟ್ಟಿಕೊಂಡೇ ಬಂದಿದ್ದಳು. ಸಾಕಿ, ಗ್ಯಾರೇಜಿಗೆ ಸೇರಿಸಿ, ಕೈಗೊಂದು ಕಸುಬು ಕೊಡಿಸಿದವನು ಕೊಕ್ಕೆಯಣ್ಣನೇ. ಆ ಕ್ಲಚ್ ಪ್ಲೇಟನ್ನೂ ಕೆಲವೇ ತಿಂಗಳ ಹಿಂದೆ ಇದೇ ಭಾವಮೈದ ಹೊಸದಾಗಿ ಹಾಕಿದ್ದ.

ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಪ್ಲೇಟಿನ ಮೇಲೆ ಹೊದಿಕೆಯೇ ಉಳಿದಿರಲಿಲ್ಲ. ಅದರ ಹಿಂದಿನ ಕಬ್ಬಿಣದ ಚಕ್ರ ಕಾದು ನೀಲಿಗಟ್ಟಿತ್ತು.

"ಇಷ್ಟು ಬೇಗ ಹೇಗೋ ಹೋಯ್ತು?" ಕೊಕ್ಕೆಯಣ್ಣನ ದನಿ ಏರಿತು. "ಅಕ್ಕನ ಗಂಡ ತಾನೇ ಅಂತ ನಿಂಗೆ ಸಸಾರ. ಯಾವುದೋ ಕಳಪೆ ಮಾಲು ತಂದು ತುರುಕಿದ್ದೀಯ!"

ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವಮೈದನ ಮುಖ ಕಪ್ಪಿಟ್ಟಿತು. ಆದರೂ ಅವನು ಹೊಸ ಪ್ಲೇಟು ಹಾಕಿ, ಪೆಡಲಿನ ಸಡಿಲವನ್ನು ಮತ್ತೆ ಮತ್ತೆ ಒತ್ತಿ ನೋಡಿ ಸರಿಮಾಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಒಂದು ಸುತ್ತು ಹೋಗಿ ಬರೋಣ ಭಾವ. ನಾನೂ ಬರ್ತೀನಿ" ಎಂದ.

ಲಾರಿ ಚೆನ್ನಾಗಿಯೇ ಹೊರಟಿತು. ಕೊಕ್ಕೆಯಣ್ಣ ರಸ್ತೆ ನೋಡುತ್ತಿದ್ದ. ಭಾವಮೈದ ಅವನ ಕಾಲನ್ನೇ ನೋಡುತ್ತಿದ್ದ.

"ಭಾವ, ಕ್ಲಚ್ ಮೇಲಿಂದ ಕಾಲು ತೆಗೀರಿ."

"ತೆಗ್ದೇ ಇದ್ದೀನಲ್ಲೋ."

"ತೆಗ್ದಿಲ್ಲ. ಒಂದ್ಸಲ ಬಗ್ಗಿ ನೋಡಿ."

ಕೊಕ್ಕೆಯಣ್ಣ ಕಣ್ಣು ಇಳಿಸಿದ. ಎಡಗಾಲು ಪೆಡಲಿನ ಮೇಲೆ ಭಾರ ಬಿಟ್ಟುಕೊಂಡು ಕೂತಿತ್ತು. ಹೀಗೆ ಸದಾ ಒತ್ತಿಕೊಂಡೇ ಇದ್ದರೆ ಎಂಥ ಪ್ಲೇಟಾದರೂ ಉಜ್ಜಿ ಸವೆದುಹೋಗುತ್ತದೆ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಯಾವಾಗಲೋ ಕಳಚಿ ಬಾಗಿಲ ಬದಿಗೆ ಬೋರಲು ಬಿದ್ದಿತ್ತು.

ಅವನು ಲಾರಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದ.

"ಯಾವಾಗಿಂದ ಹೀಗೆ?"

"ಏನು ಹೀಗೆ? ಜೋಮು ಹಿಡಿದಿದೆ ಅಷ್ಟೇ."

"ಭಾವಾ..."

ಕೊಕ್ಕೆಯಣ್ಣ ಬಗ್ಗಿ ಚಪ್ಪಲಿ ಎತ್ತಿಕೊಂಡ. "ಬೇಸಿಗೆಯಿಂದ ಇರಬೇಕು. ಅಂಗಾಲಿಗೆ ಹತ್ತಿ ಕಟ್ಟಿದ ಹಾಗೆ. ಪೆಡಲ್ ಎಲ್ಲಿ ಹಿಡಿಯುತ್ತೆ ಅಂತ ಕಾಲಿಗೆ ಗೊತ್ತಾಗ್ತಿರಲಿಲ್ಲ. ಎಂಜಿನ್ ಸದ್ದು ಕೇಳ್ಕೊಂಡು ಗೇರ್ ಹಾಕ್ತಿದ್ದೆ."

"ಬಲಗಾಲು?"

ಬಲಗಾಲು ಬ್ರೇಕಿನ ಕಾಲು. ಕೊಕ್ಕೆಯಣ್ಣ ಕಿಟಕಿಯಾಚೆ ಮುಖ ತಿರುಗಿಸಿದ. ಭಾವಮೈದ ಇಳಿದು ಸುತ್ತಿಕೊಂಡು ಬಂದು ಡ್ರೈವರ್ ಕಡೆಯ ಬಾಗಿಲು ತೆರೆದ. ಕೊಕ್ಕೆಯಣ್ಣ ಆಚೆ ಸರಿದು ಕೂತ.

ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಮಾತ್ರೆ ನುಂಗಿದೆ ಎಂದು ಹೆಂಡತಿಗೆ ಸುಳ್ಳು ಹೇಳುವುದೂ ಅಷ್ಟೇ ಹಳೆಯದು. ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ತೆಳ್ಳನೆಯ ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದರು. "ಮುಟ್ಟಿದಾಗ ಹೂಂ ಅನ್ನಿ" ಎಂದಿದ್ದರು. ಪರದೆಯ ಪಕ್ಕ ನಿಂತಿದ್ದ ಹೆಂಡತಿಗೆ ಎಳೆ ಹೆಬ್ಬೆರಳಿಗೆ, ಹಿಮ್ಮಡಿಗೆ, ಆಮೇಲೆ ಬಲಗಾಲಿಗೂ ತಾಕುವುದು ಕಾಣುತ್ತಿತ್ತು. ಗಂಡನ ಬಾಯಿಂದ ಹೂಂ ಬರಲಿಲ್ಲ.

"ಶುರು ಮಾಡಿ ಡಾಕ್ಟ್ರೇ, ಮಲಗಿದ್ರೆ ನಿದ್ದೆ ಬರುತ್ತೆ" ಎಂದ ಅವನು.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

ಸಕ್ಕರೆಯಿಂದ ಸತ್ತ ನರ ಮತ್ತೆ ಚಿಗುರುವುದು ಕಷ್ಟ, ಇರುವುದನ್ನು ಕಾಪಾಡಿಕೊಳ್ಳಿ, ಸ್ಟಿಯರಿಂಗ್ ಹಿಡಿಯಬೇಡಿ ಎಂದರು ಡಾಕ್ಟರು. ಮೊದಲ ವಾರ ಅವನು ಮನೆಯನ್ನೇ ಹೊತ್ತುಕೊಂಡು ಕೂಗಾಡಿದ. ಅವರಿಗೇನು ಗೊತ್ತು, ನಿಧಾನ ಓಡಿಸಿದರಾಯಿತು, ಹತ್ತಿರದ ಕೆಲಸ ಮಾತ್ರ ಹಿಡಿದರಾಯಿತು ಎಂದೆಲ್ಲ ವಾದಿಸಿದ. ಆದರೆ ಬೆಳಿಗ್ಗೆ ಹಲ್ಲುಜ್ಜುವಾಗ, ಊಟಕ್ಕೆ ಕೂತಾಗ ಇಳಿಜಾರೊಂದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಹಿಂದೆ ಯಾರದೋ ಸಂಸಾರ ಕೂತ ಕಾರು, ಮುಂದೆ ಸಿಗ್ನಲ್ಲಿನಲ್ಲಿ ನಿಂತ ಜನ, ಬ್ರೇಕ್ ಮೇಲೆ ಇದೆಯೋ ಇಲ್ಲವೋ ತಿಳಿಯದ ಕಾಲು. ಒಂದು ದಿನ ಅನ್ನದ ತಟ್ಟೆ ಬಿಟ್ಟು ಎದ್ದು, ಚಾವಿಯನ್ನು ಹೆಂಡತಿಯ ಕೈಗಿಟ್ಟ.

ಲಾರಿಗೆ ಬೇರೆ ಡ್ರೈವರ್ ಬಂದ. ಅವನು ಗೇರ್ ಬದಲಾಯಿಸುವುದನ್ನು ಕೊಕ್ಕೆಯಣ್ಣ ಜಗಲಿಯಲ್ಲಿ ಕೂತು ಬೀದಿಯ ತಿರುವಿನವರೆಗೂ ಕಿವಿಗೊಟ್ಟು ಕೇಳಿದ. ಒಂದು ಕಡೆಯೂ ಕರಕರ ಎನ್ನಲಿಲ್ಲ. ಕೆಟ್ಟದಾಗಿ ಓಡಿಸಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು.

ಮಾರನೆಯ ದಿನ ನಡೆದುಕೊಂಡೇ ಗ್ಯಾರೇಜಿಗೆ ಹೋದ. ಭಾವಮೈದ ಒಬ್ಬನೇ ಇದ್ದ.

"ಆವತ್ತು ಕಳಪೆ ಅಂದುಬಿಟ್ಟೆ."

"ಬಿಡಿ ಭಾವ, ನಂಗೆ ನೆನಪೂ ಇಲ್ಲ."

"ನಂಗಿದೆ ಕಣೋ. ಎಲ್ಲರೆದುರು ಅಂದೆ."

ಭಾವಮೈದ ಸ್ಪ್ಯಾನರನ್ನು ಕೆಳಗಿಟ್ಟ. "ನಾನು ಆವತ್ತು ನಿಮ್ಮ ಕಾಲು ನೋಡಬಾರದಿತ್ತು ಅನ್ಸುತ್ತೆ ಒಂದೊಂದ್ಸಲ" ಎಂದ. ಕೊಕ್ಕೆಯಣ್ಣ ಅವನ ಬೆನ್ನ ಮೇಲೆ ಕೈಯಿಟ್ಟ.

ಈಗ ದಿನಾ ಸಂಜೆ ಹೆಂಡತಿ ಬೆಳಕಿಗೆ ಕೂತು, ಅವನ ಎರಡು ಕಾಲನ್ನೂ ಮಡಿಲಿಗೆಳೆದುಕೊಂಡು ಅಂಗಾಲು, ಬೆರಳ ಸಂದು ನೋಡುತ್ತಾಳೆ. ಮುಳ್ಳು ಚುಚ್ಚಿದರೂ ಅವನಿಗೆ ತಿಳಿಯುವುದಿಲ್ಲವಲ್ಲ. ಮೊದಮೊದಲು ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದ. ಒಂದು ಸಂಜೆ ನೋಡಿದ. ಅವಳ ಕಣ್ಣಿಂದ ಒಂದು ಹನಿ ಜಾರಿ ಅವನ ಪಾದದ ಮೇಲೆ ಬಿತ್ತು. ಬಿದ್ದದ್ದು ಅವನಿಗೆ ಕಂಡಿತು, ತಾಕಿದ್ದು ತಿಳಿಯಲಿಲ್ಲ. ಅವಳು ಅದನ್ನು ಬೆರಳಲ್ಲಿ ಒರೆಸಿ, "ಏನೂ ಗಾಯ ಇಲ್ಲ, ಏಳಿ ಊಟಕ್ಕೆ" ಎಂದಳು.