ಅಮ್ಮ ಕೂತ ಮೇಲೆ ಬಿಗಿದ ಬೋಲ್ಟು

ನಮ್ಮ ಅತ್ತಿಗೆಗೆ ಒಂದು ಹೊಲಿಗೆ ಅಂಗಡಿ ಇದೆ. ಅವರು ಹಾಕಿದ ಹೊಲಿಗೆ, ಬಟ್ಟೆ ಹರಿದರೂ ಬಿಚ್ಚುವುದಿಲ್ಲ. ಮನೆಯ ನಲ್ಲಿಯನ್ನೂ ಡಬ್ಬಿಗಳ ಮುಚ್ಚಳವನ್ನೂ ಅದೇ ಶ್ರದ್ಧೆಯಿಂದ ತಿರುಗಿಸುತ್ತಾರೆ. ಆಮೇಲೆ ಒಂದು ಚಮಚ ಸಕ್ಕರೆ ಬೇಕೆಂದರೂ ಅಣ್ಣ, ನಾನು ಇಬ್ಬರೂ ಸೇರಿ ಒದ್ದಾಡಬೇಕು.

ಇಂಥ ಅತ್ತಿಗೆ ಒಂದು ಭಾನುವಾರ ಅಣ್ಣನ ಹಳೆಯ ಪ್ಯಾಂಟು ತೊಟ್ಟು, ತಲೆಗೆ ಬಟ್ಟೆ ಬಿಗಿದು, ಅಂಗಳದಲ್ಲಿದ್ದ ನಮ್ಮ ಎಸ್‌ಯುವಿಯ ಮುಂದಿನ ಚಕ್ರ ಬಿಚ್ಚಲು ಕೂತರು. ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕರೂ ಅದರ ಮುಂಭಾಗ ಕಟಕಟ ಎನ್ನುತ್ತಿತ್ತು. ಅಣ್ಣ ಬೇಸತ್ತು, ಅದನ್ನು ಆಫೀಸಿನ ಗೆಳೆಯನಿಗೆ ಮಾರಿ ಪುಟ್ಟ ಕಾರು ತರುವುದೆಂದು ನಿರ್ಧರಿಸಿದ್ದ. ಗೆಳೆಯ ಅದೇ ಸಂಜೆ ಬರುವವನಿದ್ದ.

ಪುಟ್ಟ ಕಾರು ಅಣ್ಣನಿಗೇನೋ ಸರಿ. ಆದರೆ ಅಮ್ಮನ ಮಂಡಿ ಮಡಚುವುದಿಲ್ಲ. ಈ ಗಾಡಿಯ ಸೀಟು ಎತ್ತರವಾದ್ದರಿಂದ ಒಂದು ಸ್ಟೂಲು ಹತ್ತಿ ಹಿಂದಕ್ಕೆ ಸರಿದರೆ ಸಾಕು, ಕೂತುಬಿಡುತ್ತಾಳೆ. ತಗ್ಗಿನ ಕಾರಿನೊಳಗೆ ಬಗ್ಗಿ ಕೂರುವುದು ಅವಳಿಂದಾಗದು. ಗಾಡಿ ಹೋದರೆ ಮಾರುಕಟ್ಟೆಯೂ ಹೋಯಿತು, ಚಿಕ್ಕಮ್ಮನ ಮನೆಯೂ ಹೋಯಿತು. ಆದರೂ ಅಮ್ಮ, ತನಗೇನು, ಮನೆಯಲ್ಲೇ ಹಾಯಾಗಿರುತ್ತೇನೆ ಎಂದಿದ್ದಳು. ಕೇಳಿ ನಾನು ಅಯ್ಯೋ ಪಾಪ ಎಂದುಕೊಂಡಿದ್ದೆ, ಅಷ್ಟೇ. ಅತ್ತಿಗೆ ಮಾತ್ರ ಶನಿವಾರವೇ ಬಿಡಿಭಾಗಗಳ ಅಂಗಡಿಗೆ ಹೋಗಿ, ಸದ್ದಿನ ಕಾರಣ ಕೇಳಿ ತಿಳಿದು, ಬೇಕಾದ್ದನ್ನೆಲ್ಲ ತಂದಿದ್ದರು.

ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ರಬ್ಬರಿನ ಬುಷ್ಷುಗಳಿರುತ್ತವೆ. ನಮ್ಮವು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿದ್ದವು. ಗಾಡಿಯನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಸ್ಪ್ಯಾನರಿಗೆ ಪೈಪು ತೂರಿಸಿ, ಆ ಪೈಪಿಗೆ ಅತ್ತಿಗೆ ನನ್ನನ್ನು ಜೋತುಬೀಳಿಸಿದರು. ಈ ಮನೆಯಲ್ಲಿ ನನ್ನ ತೂಕಕ್ಕೆ ಬೆಲೆ ಸಿಕ್ಕಿದ್ದು ಅದೇ ಮೊದಲು. ಎರಡೂ ಕಡೆ ಬುಷ್ಷುಗಳ ಸಮೇತ ಹೊಸ ತೋಳುಗಳು ಕೂತವು. ಅತ್ತಿಗೆ ಹಲ್ಲು ಕಚ್ಚಿ ಬೋಲ್ಟುಗಳನ್ನು ಬಿಗಿದರು.

ಗಾಡಿ ಇಳಿಸಿ ಬೀದಿಯ ತುದಿಯವರೆಗೆ ಹೋಗಿ ಬಂದೆವು. ಕಟಕಟ ಹೋಗಿತ್ತು. ಅದರ ಜಾಗದಲ್ಲಿ ಕಿರಕಿರ ಬಂದಿತ್ತು.

"ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ" ಎಂದ ಅಣ್ಣ, ಪೇಪರಿನಿಂದ ತಲೆ ಎತ್ತದೆ.

ಅತ್ತಿಗೆಯ ಮುಖ ಸಪ್ಪಗಾಯಿತು. ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿದಾಗ ಅವನು ನಕ್ಕನಂತೆ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ, ಗಾಡಿ ಕೆಳಗೆ ಕೂತಾಗ ರಬ್ಬರು ತಿರುಚಿಕೊಳ್ಳುತ್ತದೆ. ಸಡಿಲಿಸಿ, ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲೆ ಬಿಗಿಯಬೇಕು ಎಂದನಂತೆ.

ತಾವು ಬಿಗಿದದ್ದನ್ನು ತಾವೇ ಬಿಚ್ಚುವುದೆಂದರೆ ಅತ್ತಿಗೆಗೆ ಪ್ರಾಣಸಂಕಟ. ಆದರೂ ಹಣೆ ಚಚ್ಚಿಕೊಂಡು, ಹ್ಯಾಂಗರಿಗೆ ನೇತುಹಾಕಿದ ಬಟ್ಟೆಯಲ್ಲಿ ಯಾರಾದರೂ ಫಿಟಿಂಗ್ ನೋಡುತ್ತಾರೆಯೇ ಎಂದು ತಮ್ಮನ್ನೇ ಬೈದುಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಅತ್ತೆ, ಬಂದು ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಇದರಲ್ಲಿ ಓಡಾಡೋರು ನೀವು, ನಿಮ್ಮನ್ನ ಕೂರಿಸ್ಕೊಂಡೇ ಬಿಗಿ ಮಾಡ್ತೀನಿ."

ಅಮ್ಮ ಒಳಗೆ ಹೋದಳು. ಬರುವಾಗ ತಲೆ ಬಾಚಿಕೊಂಡು, ಹೊರಗೆ ಹೋಗುವಾಗಿನ ಚಪ್ಪಲಿ ಮೆಟ್ಟಿದ್ದಳು. ಅಂಗಳ ದಾಟದ ಗಾಡಿಯಲ್ಲಿ ಸುಮ್ಮನೆ ಭಾರಕ್ಕೆ ಕೂರಲು ಅಷ್ಟು ಸಡಗರ. ಅಣ್ಣನ ಪೇಪರು ನಿಧಾನವಾಗಿ ಮಡಿಲಿಗೆ ಇಳಿಯಿತು.

ನಾನು ಚಕ್ರಗಳಿಗೆ ಕಲ್ಲು ಕೊಟ್ಟೆ. ಅತ್ತಿಗೆ ಗಾಡಿಯ ಅಡಿಗೆ ತೆವಳಿ ಬೋಲ್ಟುಗಳನ್ನು ಸಡಿಲಿಸಿ, ಮತ್ತೆ ಬಿಗಿದು, ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಂಡು ಹೊರಬಂದರು. ಅಮ್ಮನನ್ನು ಇಳಿಸದೆ ಹಾಗೇ ಒಂದು ಸುತ್ತು ಹೊರಟೆವು. ಬೀದಿಯ ಉಬ್ಬಿನ ಮೇಲೆ ಹತ್ತಿ ಇಳಿದರೂ ಸದ್ದಿಲ್ಲ. ಇನ್ನೊಂದು ಸಲ ಹತ್ತಿಸು ಎಂದಳು ಅಮ್ಮ.

ವಾಪಸು ಬಂದಾಗ ಅಣ್ಣನ ಗೆಳೆಯ ಗೇಟಿನಲ್ಲಿದ್ದ. ಸದ್ದೇ ಇಲ್ಲವಲ್ಲ ಎಂದು ಹಿಗ್ಗಿದ. ಅವನು ಒಂದು ಸುತ್ತು ಓಡಿಸಿ ನೋಡಲಿ ಎಂದು ಅಣ್ಣ ಅಮ್ಮನನ್ನು ಇಳಿಸಲು ಬಂದ. ಅಮ್ಮ ಮಿಸುಕಲಿಲ್ಲ.

"ಮಾರೋದಾದ್ರೆ ನನ್ನನ್ನೂ ಸೇರಿಸಿ ಮಾರು."

ಗೆಳೆಯ ಗೊಳ್ಳೆಂದು ನಕ್ಕ. ಅಣ್ಣ ನಗಲಿಲ್ಲ. ಬಾಗಿಲು ಹಿಡಿದು ಅಮ್ಮನ ಕಾಲಿನ ಚಪ್ಪಲಿಯ ಕಡೆ ನೋಡಿದ.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಅಣ್ಣ ಅಮ್ಮನ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಗೆಳೆಯನ ಹೆಗಲ ಮೇಲೆ ಕೈಹಾಕಿ, ತಪ್ಪು ತಿಳಿಯಬೇಡ, ಇದು ಮಾರುವ ಗಾಡಿಯಲ್ಲ ಎಂದ.